ಮುನಿವೆಂಕಟಪ್ಪನ ಕಣ

ಆಂಜನಮ್ಮನಿಗೆ ಮೈಯೆಲ್ಲ ಉರಿದುಹೋಗಿತ್ತು. ಉರಿಯದೆ ಇನ್ನೇನು? ಗಂಡನ ಹೆಸರಿನಲ್ಲಿ ಸ್ಮಾರಕ ಕಟ್ಟುತ್ತೇವೆಂದು ಬಂದವರು ಅದರ ಬೆನ್ನಿಗೇ ಹನ್ನೆರಡು ಅಂಗಡಿಗಳ ನಕ್ಷೆ ಬರೆಸಿಟ್ಟಿದ್ದರು. ಅದೂ ಎಲ್ಲಿ? ಮಹದೇವಪುರದಲ್ಲಿ ಉಳಿದಿದ್ದ ಒಂದೇ ಒಂದು ಊರೊಟ್ಟಿನ ಕಣದಲ್ಲಿ!

ಗಂಡ ಮುನಿವೆಂಕಟಪ್ಪ ದೊಡ್ಡ ಕುಳವೇನಲ್ಲ. ಎರಡೆಕರೆ ರಾಗಿ, ಒಂದಿಷ್ಟು ಹೂಕೋಸು. ಆದರೆ ಊರಿನ ಪಡ್ಡೆ ಹುಡುಗರನ್ನೆಲ್ಲ ಕೂಡಿಸಿ ಯುವ ರೈತರ ಸಂಘ ಕಟ್ಟಿದ. ಬೆಳಿಗ್ಗೆ ಹೊಲದಲ್ಲಿ ಸಸಿ ನಾಟಿ, ಸಂಜೆ ಕಣದಲ್ಲಿ ಕಬಡ್ಡಿ. ರಾಯಚೂರು ಕಡೆಯಿಂದ ಕೂಲಿಗೆ ಬಂದ ಮಾನಪ್ಪನನ್ನೂ ಟೀಮಿಗೆ ಸೇರಿಸಿಕೊಂಡ. ಕಣದ ವಿಷಯಕ್ಕೆ ಬಂದರೆ ಮಾತ್ರ ಮಹಾ ಮುಂಗೋಪಿ. ಚಪ್ಪಲಿ ಮೆಟ್ಟಿ ಒಳಗೆ ಬಂದವನ ಕಿವಿ ಹಿಂಡಿ ಆಚೆ ತಳ್ಳುತ್ತಿದ್ದ. ರಾಗಿ ಹರಡಿ, ನಡುವೆ ಸಗಣಿಯ ಬೆನಕನನ್ನಿಟ್ಟು ಗರಿಕೆ ಸಿಕ್ಕಿಸಿದರೆ ಮುಗಿಯಿತು, ರಾಶಿ ಅಳೆಯುವ ತನಕ ಅಲ್ಲಿ ಬೇರೆ ಕೆಲಸ ನಡೆಯುವಂತಿರಲಿಲ್ಲ. ಮದುವೆ ಚಪ್ಪರವಾದರೂ ಬೀದಿಗೇ ಹೋಗಬೇಕು. 1997ರಲ್ಲಿ ತೀರಿಕೊಂಡಾಗ ಹೆಗಲು ಕೊಟ್ಟವರೆಲ್ಲ ಆ ಸಂಘದ ಹುಡುಗರೇ.

ಅವರಲ್ಲೊಬ್ಬ ಕೆಂಪರಾಜ್. ಈಗ ಸೈಟು ಕೊಡಿಸುವ ದಲ್ಲಾಳಿ, ಬೆರಳಿಗೊಂದು ಉಂಗುರ. ಕಣದ ಮೂಲೆಯಲ್ಲಿ ಕಟ್ಟೆ ಕಟ್ಟಿಸಿ ಮುನಿವೆಂಕಟಪ್ಪನ ಮೂರ್ತಿ ಕೂರಿಸಿದವನು ಅವನೇ. ಅಂದಕ್ಕಿರಲಿ ಎಂದು ಊರಿನ ರೋಣಗಲ್ಲನ್ನು, ಎತ್ತು ಕಟ್ಟಿ ರಾಗಿಯ ಮೇಲೆ ಉರುಳಿಸುತ್ತಿದ್ದ ಆ ಗುಂಡುಕಲ್ಲನ್ನು, ಮೂರ್ತಿಯ ಕಾಲಡಿ ಸಿಮೆಂಟಿನಲ್ಲಿ ಹೂತುಬಿಟ್ಟಿದ್ದ. 2001ರ ಜನವರಿಯ ಒಂದು ಭಾನುವಾರ ಅನಾವರಣ, ಅಂದೇ ಅಂಗಡಿಗಳಿಗೆ ಗುದ್ದಲಿ ಪೂಜೆ, ಮಾರನೆಯ ದಿನ ಪಾಯ ಅಗೆಯುವುದು.

"ಚಿಕ್ಕಮ್ಮಾ, ಪರದೆ ನೀವೇ ಸರಿಸ್ಬೇಕು," ಎಂದು ಕರೆಯಲು ಬಂದ.

"ಅಂಗಡಿ ಯಾಕೋ?"

"ಎಲ್ಲಾ ಚಿಕ್ಕಪ್ಪನ ಹೆಸ್ರಲ್ಲೇ ಚಿಕ್ಕಮ್ಮ. ಕಣದಲ್ಲಿ ಈಗ ಯಾರು ಏನ್ ಒಕ್ತಾರೆ ಹೇಳಿ?"

ಥೂ, ಇವನ ನೆನಪಿಗಿಷ್ಟು! ರೈತ ಸಂಘದಲ್ಲಿ ಬೆಳೆದವನಿಗೆ ಜನವರಿ ಅಂದರೆ ಸುಗ್ಗಿ ಎನ್ನುವುದೇ ಮರೆತುಹೋಗಿತ್ತು. ಕೆರೆಯಂಚಿನ ಅರ್ಧ ಎಕರೆಯಲ್ಲಿ ಆಂಜನಮ್ಮ ಬೆಳೆದ ರಾಗಿ ಇನ್ನೂ ಮೆದೆಯಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ಶಾಮಿಯಾನದವರು ಬಂದರೆ ಕಣದ ತುಂಬ ರಾಗಿ ತೆನೆ! ನಡುವೆ ಬೆನಕ, ನೆತ್ತಿಯ ಮೇಲೆ ಗರಿಕೆ. ಪಕ್ಕದಲ್ಲಿ ಪೊರಕೆ ಹಿಡಿದ ಆಂಜನಮ್ಮ. ಪೂಜಾರಿ ಇಣುಕಿ ನೋಡಿ, "ಬೆನಕ ಕೂತವ್ನೆ, ನನ್ ಕೈಲಾಗಲ್ಲ ಸ್ವಾಮಿ," ಎಂದು ಗಂಟೆ ಚೀಲಕ್ಕೆ ಹಾಕಿಕೊಂಡ. ಸಂಘದ ಹಳೆಯ ಹುಡುಗರು, ಈಗ ನಲವತ್ತು ದಾಟಿದವರು, ಬಂದವರು ಬಂದಂತೆ ಕಣದಂಚಿನಲ್ಲಿ ನಿಂತರು. ಮೊದಲು ಮಾನಪ್ಪ ಚಪ್ಪಲಿ ಬಿಟ್ಟ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು.

ಕೆಂಪರಾಜ್ ಓಡಿ ಬಂದ. "ಏನ್ ಚಿಕ್ಕಮ್ಮ ಇದು, ಜನದ ಮುಂದೆ ಮಾನ ಕಳೀತೀರಲ್ಲ! ನಾಲ್ಕಾಳು ಕೊಡ್ತೀನಿ, ಬೇಗ ಒಕ್ಕಿ ಮುಗಿಸ್ಬಿಡಿ."

"ಆಳು ಯಾರಿಗ್ ಬೇಕೋ? ಕಲ್ಲು ಕೊಡು. ಸಿಮೆಂಟಲ್ಲಿ ಹೂತಿದ್ಯಲ್ಲ, ಕಿತ್ಕೊಡು, ಒಕ್ತೀನಿ."

"ಕಟ್ಟೆ ಒಡೆದ್ರೆ ಮೂರ್ತಿ ನಿಲ್ಲಲ್ಲ!"

"ಬೀಳ್ಲಿ! ಊರೋರೆಲ್ಲರ ರಾಗಿ ಮೇಲೂ ಈ ಕಲ್ಲು ಉರುಳ್ಸಿದ ಮನುಷ್ಯನ ಕಾಲಿಗೇ ಅದನ್ನ ಕಟ್ಟಿ ನಿಲ್ಸಿದ್ಯಲ್ಲೋ, ನಾಚಿಕೆ ಆಗಲ್ವಾ?"

ಮಾನಪ್ಪ ಆಗಲೇ ಹಾರೆ ತಂದಿದ್ದ. ಇಬ್ಬರು ಮೂರ್ತಿಯನ್ನು ಪರದೆ ಸಮೇತ ಎತ್ತಿ ಹುಣಸೆಮರದ ಬುಡಕ್ಕೆ ಒರಗಿಸಿದರು. ಕಟ್ಟೆ ಒಡೆಯಿತು, ಕಲ್ಲು ಈಚೆ ಬಂತು. ಎತ್ತುಗಳೆಲ್ಲಿವೆ? ಇಸ್ತ್ರಿ ಪಂಚೆ ಎತ್ತಿ ಕಟ್ಟಿದ ಗಂಡಸರೇ ಹಗ್ಗ ಹಿಡಿದು ಎಳೆದರು.

ಕೆಂಪರಾಜ್ ಶೂ ಬಿಚ್ಚಿ ಕೈಯಲ್ಲಿ ಹಿಡಿದು ಅಂಚಿನಲ್ಲೇ ನಿಂತಿದ್ದ. "ರಾಶಿ ಯಾವಾಗ ಅಳೀತೀರಾ ಚಿಕ್ಕಮ್ಮ?"

"ನಿನ್ ಅಂಗಡಿ ನಕ್ಷೆ ನನ್ ಕಣ್ಮುಂದೆ ಹರಿದಾಕಿದ್ ದಿನ," ಎಂದಳು ಆಂಜನಮ್ಮ. "ಅಲ್ಲೀವರ್ಗೂ ಬೆನಕ ಇಲ್ಲೇ ಕೂತಿರ್ತಾನೆ, ನಾನೂ ಕೂತಿರ್ತೀನಿ. ಶೂ ಕೆಳಗಿಟ್ಟು ಹಗ್ಗ ಹಿಡಿ ಬಾ."