ಕುದುರೆಯ ಮೇಲೆ ಲಗ್ನಪತ್ರಿಕೆ

ಹೆಂಡತಿ ತೀರಿಕೊಂಡು ಎಂಟು ತಿಂಗಳಾದರೂ ನಾನು ಆ ವಿಡಿಯೋ ಗೇಮಿನ ಸ್ವಿಚ್ ಹಾಕಿರಲಿಲ್ಲ. ಅವಳು ಹೇಳುತ್ತಿದ್ದ ಕಥೆ ಅದರೊಳಗೆ ಅರ್ಧಕ್ಕೆ ನಿಂತಿತ್ತು. ಮುಂದೇನು ಎಂದು ತಿಳಿಯುವ ಆಸೆಯಿತ್ತು. ಅವಳ ಕಥೆ ಕೆಟ್ಟುಹೋದರೆ ಎಂಬ ಹೆದರಿಕೆಯೂ ಅಷ್ಟೇ ಇತ್ತು.

ಮಗಳು ಮದುವೆಯಾಗಿ ಕೆಂಪಾಪುರಕ್ಕೆ ಹೋಗುವಾಗ ಅದನ್ನು ಅಮೃತಹಳ್ಳಿಯ ನಮ್ಮ ಮನೆಯಲ್ಲೇ ಬಿಟ್ಟುಹೋಗಿದ್ದಳು. ಬ್ಲೌಸ್ ಹೊಲಿಯುತ್ತಿದ್ದ ನನ್ನ ಹೆಂಡತಿ ಮಧ್ಯಾಹ್ನ ಮಷೀನು ನಿಲ್ಲಿಸಿ ಟೀವಿಯ ಮುಂದೆ ಕೂರುತ್ತಿದ್ದಳು. ಆಟದಲ್ಲಿ ಒಬ್ಬ ಮುದುಕ, ಅವನ ಕುದುರೆ, ಹೆಗಲಿಗೊಂದು ಚರ್ಮದ ಚೀಲ. ಮಾತೆಲ್ಲ ಇಂಗ್ಲಿಷು. ನಮಗಿಬ್ಬರಿಗೂ ಅದು ಅಷ್ಟಕ್ಕಷ್ಟೆ.

"ಮಗಳ ಮದುವೆ ಕಣ್ರೀ ಅವನಿಗೆ. ಲಗ್ನಪತ್ರಿಕೆ ಹಂಚೋಕೆ ಹೊರಟಿದ್ದಾನೆ," ಎಂದಳು ಒಂದು ಸಂಜೆ, ಕಾಫಿ ಕೊಡುತ್ತಾ.

ಇನ್ನೊಂದು ದಿನ ಯಾರೋ ಅವನ ಮೇಲೆ ಗುಂಡು ಹಾರಿಸಿದರು. ಯಾಕೆ ಎಂದು ಕೇಳಿದೆ.

"ಷಡ್ಡಕ. ಪತ್ರಿಕೆ ಮೊದ್ಲು ಬೇರೆಯವ್ರಿಗೆ ಕೊಟ್ಟಿದಾನೆ. ಬಿಡ್ತಾನಾ?"

ಆಟದಲ್ಲಿ ಬಾಗಿಲು ಹಾಕಿದ್ದ ಮನೆಗೆ ಮಾರನೆಯ ದಿನ ಮತ್ತೆ ಹೋಗುತ್ತಿದ್ದಳು. ನಮ್ಮ ಕಡೆ ಪತ್ರಿಕೆ ಹಂಚುವುದೇ ಹಾಗೆ. ಮಗಳು ಬಂದಾಗಲೆಲ್ಲ ರೇಗುತ್ತಿದ್ದಳು: "ಅಮ್ಮಾ, ನದಿ ದಾಟಮ್ಮ! ಕಥೆ ಶುರುವಾಗೋದೇ ಆ ಕಡೆ."

"ಈ ಕಡೆ ಇನ್ನೂ ಆರು ಮನೆ ಇದೆ ಕಣೇ. ಒಂದು ಬಿಟ್ರೂ ನಾಳೆ ಮಾತು ಬರುತ್ತೆ."

ಎರಡು ವರ್ಷ ಅವಳು ನದಿ ದಾಟಲಿಲ್ಲ.

ಹೋದ ಭಾನುವಾರ ಮಗಳು ಬಂದು, ನನ್ನನ್ನು ಕೇಳದೆಯೇ ಸ್ವಿಚ್ ಹಾಕಿದಳು. ಮುದುಕ ನದಿಯ ದಂಡೆಯಲ್ಲಿ ನಿಂತಿದ್ದ. ಈ ಕಡೆಯ ಮನೆಗಳೆಲ್ಲ ಮುಗಿದಿದ್ದವು.

"ಅಪ್ಪಾ, ನಿಜವಾದ ಕಥೆ ಹೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಹೇಳು."

"ಅವನು ಕೊಲೆಗಾರ. ಹಳೇ ವೈರೀನ ಹುಡುಕ್ತಿದಾನೆ. ಚೀಲದಲ್ಲಿರೋದು ಪಿಸ್ತೂಲು."

ಆ ಕೊಲೆಗಾರನನ್ನು ನನ್ನ ಹೆಂಡತಿ ಮನೆಮನೆಗೂ ಕರೆದೊಯ್ದು ಬಾಗಿಲು ತಟ್ಟಿಸಿದ್ದು ನೆನೆದು ನನಗೆ ನಗು ಬಂತು. ತಡೆಯಲಾಗಲಿಲ್ಲ. ಮಗಳಂತೂ ಸೋಫಾದಿಂದ ಜಾರಿ ಕೆಳಗೆ ಕೂತಳು.

ಮಗಳ ಪ್ರಕಾರ ಆಟದ ಆ ನಿಜವಾದ ಕಥೆ ಬಹಳ ಒಳ್ಳೆಯದು. ಇರಬಹುದು. ನನಗೆ ಆ ಆಟ ಮಾಡಿದವರ ಮೇಲೆ ಗೌರವ ಬಂದದ್ದು ಬೇರೆ ಕಾರಣಕ್ಕೆ. ಅವರ ಕಥೆಯನ್ನು ಬದಿಗೆ ಸರಿಸಿ ಒಬ್ಬ ಹೆಂಗಸು ಎರಡು ವರ್ಷ ಪತ್ರಿಕೆ ಹಂಚಿದರೂ ಆ ಆಟ ಅವಳನ್ನು ಒಮ್ಮೆಯೂ ಗದರಿಸಿರಲಿಲ್ಲ. ಯಾವ ಬಾಗಿಲಿಗೆ ಹೋದರೂ ಅಲ್ಲಿ ಯಾರೋ ಇರುತ್ತಿದ್ದರು, ಏನೋ ಹೇಳುತ್ತಿದ್ದರು. ಉಳಿದದ್ದನ್ನು ಅವಳು ಕಟ್ಟಿಕೊಂಡಳು.

"ದಾಟಿಸ್ಲಾ ಅಪ್ಪಾ?"

"ಕೊಡಿಲ್ಲಿ," ಎಂದು ಜಾಯ್‌ಸ್ಟಿಕ್ ತೆಗೆದುಕೊಂಡೆ. ಕುದುರೆ ಎರಡು ಸಲ ಮರಕ್ಕೆ ಗುದ್ದಿತು.

"ಅಯ್ಯೋ, ಸ್ಕೂಟರ್ ಅಲ್ಲ ಅದು!"

ಹೇಗೋ ನದಿ ದಾಟಿದೆವು. ಮೊದಲ ಮನೆಯ ಬಾಗಿಲು ತೆರೆಯಿತು. ಕೋವಿ ಹಿಡಿದ ಹೆಂಗಸೊಬ್ಬಳು ನಿಂತಿದ್ದಳು.

"ಯಾರಪ್ಪಾ ಇವ್ಳು?"

ನಾನು ಜನ್ಮದಲ್ಲಿ ಕಥೆ ಹೇಳಿದವನಲ್ಲ. ಮಗಳು ಕಾಯುತ್ತಿದ್ದಳು.

"ಗಂಡಿನ ಸೋದರತ್ತೆ," ಎಂದೆ. "ಹೆಣ್ಣು ನೋಡೋಕೆ ಇವಳನ್ನ ಕರ್ಕೊಂಡು ಹೋಗಿರ್ಲಿಲ್ಲ. ಆ ಸಿಟ್ಟು."

ಗುಂಡು ಹಾರಿತು. ಮುದುಕ ಸತ್ತುಬಿದ್ದ. ಮರುಕ್ಷಣ ದಂಡೆಯ ಮೇಲೆ ಎದ್ದು ಕೂತ.

"ಆಮೇಲೆ?" ಎಂದಳು ಮಗಳು.