ಓದಿ ಹೇಳದೆ ಸಹಿ ಇಲ್ಲ

ಬೆಳಗಿನ ಐದು ಗಂಟೆ. ಗಲ್ಫಿನ ಅಲ್ ಕೂಜ್‌ನ ಲೇಬರ್ ಕ್ಯಾಂಪಿನ ಎದುರಿನ ಕೆಫೆಟೇರಿಯದಲ್ಲಿ ಲಾಯ್ಡ್ ಕರ್ಕಡ ಅವರು ಅರಬ್ಬಿಯ ಅರ್ಜಿಯೊಂದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಿದ್ದಾರೆ. ಎದುರಿಗೆ ಕೂತ ಕಾರ್ಕಳದ ಎಲೆಕ್ಟ್ರಿಷಿಯನ್ ಗುಣಪಾಲನಿಗೆ ಅವಸರ. ಪೆನ್ನಿನ ಮುಚ್ಚಳ ಆಗಲೇ ತೆಗೆದಾಗಿದೆ.

"ಸಹಿ ಎಲ್ಲಿ ಅಂತ ತೋರಿಸಿ ಲಾಯ್ಡಣ್ಣ. ನೀವು ಬರೆದದ್ದರಲ್ಲಿ ತಪ್ಪು ಉಂಟಾ?"

"ಪೂರ್ತಿ ಕೇಳು ಮಾರಾಯ."

ಅಪೆಂಡಿಕ್ಸ್ ಆಪರೇಷನ್ನಿಗೆಂದು ಗುಣಪಾಲ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಹೇಳದೆ ಕೇಳದೆ ಓಡಿಹೋದನೆಂದು ಕಂಪನಿ ದೂರು ಕೊಟ್ಟಿದೆ. ದೂರು ಸಾಬೀತಾದರೆ ವೀಸಾ ರದ್ದು, ಕೆಲಸವೂ ಹೋಯಿತು. ವಿಚಾರಣೆ ಇವತ್ತೇ.

ಐವತ್ತೆಂಟರ ಲಾಯ್ಡ್ ಉಡುಪಿಯಲ್ಲಿ ವಕೀಲಿ ಓದಿದವರು. ಕರಿಕೋಟು ಹೊಲಿಸುವಷ್ಟರಲ್ಲಿ ಅಪ್ಪ ತೀರಿಕೊಂಡರು, ಮೂವರು ತಂಗಿಯರ ಹೊಣೆ ಹೆಗಲಿಗೆ ಬಿತ್ತು. ಇಲ್ಲಿನ ಕೋರ್ಟಿನಲ್ಲಿ ಅವರು ವಾದಿಸುವಂತಿಲ್ಲ. ಇಪ್ಪತ್ತಾರು ವರ್ಷಗಳಿಂದ, ಅರಬ್ಬಿಯಲ್ಲಿ ಅರ್ಜಿ ಬರೆದುಕೊಡುವ ಟೈಪಿಂಗ್ ಸೆಂಟರಿನ ಗುಮಾಸ್ತ. ಡ್ಯೂಟಿಗೆ ಮೊದಲು, ಕಂಪನಿ ಬಸ್ಸುಗಳು ಬರುವುದರೊಳಗೆ ದಿನಕ್ಕೆ ಆರೇಳು ಮಂದಿಯ ಕಾಗದ ಓದಿ ಹೇಳುತ್ತಾರೆ. ಭಾನುವಾರ ಚರ್ಚು ಬಿಟ್ಟ ಮೇಲೆ ಇಪ್ಪತ್ತು ದಾಟುವುದೂ ಉಂಟು. ಇದನ್ನು ಸಮಾಜಸೇವೆ ಎಂದರೆ ಮಾತ್ರ ಸಿಟ್ಟು ಮೂಗಿನ ತುದಿಗೆ ಬರುತ್ತದೆ. ಯೇಸು ಮಾಡು ಎಂದದ್ದನ್ನು ಮಾಡಲು ಶಾಲು ಹಾರ ಬೇರೆ ಬೇಕೇ ಎಂದು ಗದರುತ್ತಾರೆ.

ಓದು ಮುಂದುವರಿಯುತ್ತದೆ. 'ಫೋರ್‌ಮನ್‌ಗೆ ನಾನೇ ತಿಳಿಸಿದ್ದೆ' ಎಂಬ ಸಾಲಿಗೆ ಗುಣಪಾಲ ತಡೆಯುತ್ತಾನೆ. "ನಾನಲ್ಲ ಅಣ್ಣ, ನನಗೆ ಎಚ್ಚರ ಎಲ್ಲಿತ್ತು? ತಿಳಿಸಿದ್ದು ಮೆಸ್ಸಿನ ಅಹ್ಮದ್ ಕುಂಞಿ."

ಈ ಕ್ಯಾಂಪಿನಲ್ಲಿ ಒಂದು ರೂಢಿಯಿದೆ. ಅನ್ನ ಹಾಳಾಗಬಾರದೆಂದು, ಊಟಕ್ಕೆ ಬಾರದವರ ಹೆಸರನ್ನೂ ಕಾರಣವನ್ನೂ ಅಡುಗೆಯವರು ಬೋರ್ಡಿನಲ್ಲಿ ಬರೆದು, ಫೋಟೊ ತೆಗೆದು ಕಂಪನಿಯ ಆಫೀಸಿಗೆ ಕಳಿಸುತ್ತಾರೆ. ಲಾಯ್ಡ್ ನೇರ ಮೆಸ್ಸಿಗೆ ನಡೆಯುತ್ತಾರೆ. ಅಹ್ಮದ್ ಕುಂಞಿ ಕೈ ಒರೆಸಿಕೊಂಡು ಮೊಬೈಲ್ ಹುಡುಕುತ್ತಾರೆ. ಒಂಬತ್ತು ದಿನವೂ ಕಳಿಸಿದ ಫೋಟೊ ಇದೆ: 'ಗುಣಪಾಲ, ಆಸ್ಪತ್ರೆ'. ಲಾಯ್ಡ್ ಸಾಲು ತಿದ್ದಿ, ಫೋಟೊ ಸೇರಿಸಿ, ಮೊದಲಿನಿಂದ ಮತ್ತೆ ಓದುತ್ತಾರೆ. ಸಹಿ ಆಮೇಲೆ.

ಮಧ್ಯಾಹ್ನ ಗುಣಪಾಲನ ಫೋನ್. ಕಂಪನಿ ದೂರು ಹಿಂತೆಗೆದುಕೊಂಡಿದೆ. ಅವನಿಗೆ ಅಳು ತಡೆಯಲಾಗುತ್ತಿಲ್ಲ. ಮೊದಲು ಊಟ ಮಾಡು ಎಂದಷ್ಟೇ ಹೇಳಿ ಲಾಯ್ಡ್ ಫೋನ್ ಇಡುತ್ತಾರೆ.

ಈ ಹಟ ಎಲ್ಲಿಂದ ಬಂತು ಎಂದು ಕೇಳಿದರೆ ಲಾಯ್ಡ್ ತಮ್ಮದೇ ಹಳೆಯ ತಪ್ಪೊಂದನ್ನು ಹೇಳುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಕಂಪನಿಯೊಂದು ಹೇಳಿದ್ದನ್ನು ಟೈಪ್ ಮಾಡಿ, ಓದಿ ಹೇಳದೆ, ಗಾರೆ ಕೆಲಸದ ಶುಕೂರ್ ಎಂಬವನ ಮುಂದಿಟ್ಟಿದ್ದರು. ರಜೆಯ ಅರ್ಜಿಯೆಂದು ನಂಬಿ ಅವನು ಸಹಿ ಹಾಕಿದ. ಅದು ರಾಜೀನಾಮೆಯಾಗಿತ್ತು. ಊರಿಗೆ ಹೋದವನಿಗೆ ಮರಳಿ ಬರಲಾಗಲಿಲ್ಲ.

"ಗೆದ್ದವರ ಹೆಸರೆಲ್ಲ ಮರೆತು ಹೋಗ್ತದೆ. ಶುಕೂರ್ ಹೆಸರು ಮಾತ್ರ ದಿನಾ ಪ್ರಾರ್ಥನೆಯಲ್ಲಿ ಹೇಳ್ತೇನೆ. ಒಮ್ಮೆ ಅವ ಸಿಕ್ಕಿದರೆ, ಎದುರು ಕೂರಿಸಿ ಆ ಕಾಗದ ಓದಿ ಹೇಳ್ಬೇಕು."