ಎಲಿನಾರ್ ಹಾಳೆ ತಿರುಗಿಸಿ ಬರೆದದ್ದು

2021ರ ಜನವರಿ. ಐರ್ಲೆಂಡಿನ ಲಿಮೆರಿಕ್‌ನ ಒಂದು ಪತ್ರಾಗಾರದಲ್ಲಿ ನಾನು ಕನ್ಸರ್ವೇಟರ್. ಹಳೆಯ ಕಾಗದಗಳು ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಕೊರೊನಾ ಕಾಲ, ಲ್ಯಾಬಿನೊಳಗೆ ಒಮ್ಮೆಗೆ ಒಬ್ಬರೇ. ಸಹೋದ್ಯೋಗಿಗಳ ಮುಖಕ್ಕಿಂತ ಆಫೀಸಿನ ಸುತ್ತೋಲೆಗಳನ್ನೇ ಹೆಚ್ಚು ನೋಡುತ್ತಿದ್ದೆ. ದಿನಕ್ಕೆ ನಾಲ್ಕು! ಯಾರು ಓದುತ್ತಾರೆ?

ಆಗ ನಾನು ಕನ್ನಡದವಳೆಂದು ತಿಳಿದು ವಾಟರ್‌ಫರ್ಡ್‌ನಿಂದ ಶಶಿಧರ ಎಂಬ ಡಾಕ್ಟರು ಫೋನ್ ಮಾಡಿದರು. ದಾವಣಗೆರೆಯಲ್ಲಿ ಓದಿ ಬಂದವರು, ನೋರಾ ಎಂಬ ಎಂಬತ್ತಾರರ ಅಜ್ಜಿಯ ಮನೆಯಲ್ಲಿ ಬಾಡಿಗೆಗಿದ್ದರು. ನೋರಾ ಈಗ ಕೋವಿಡ್ ಬಂದು, ಇವರದೇ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದರು. ಅವರ ಮನೆಯಲ್ಲಿ ಎಲಿನಾರ್ ಎಂಬ ಪೂರ್ವಿಕಳು ಇಲ್ಲಿದ್ದ ತಂಗಿಗೆ ಬರೆದ ಒಂಬತ್ತು ಕಾಗದಗಳಿದ್ದವು. ಅಮೆರಿಕ ಇನ್ನೂ ಹೊಸ ದೇಶವಾಗಿದ್ದಾಗ ಎಲಿನಾರ್ ಅಲ್ಲಿನ ಒಬ್ಬ ಸೆನೆಟರನ ಹೆಂಡತಿ. ಗಂಡ ದೊಡ್ಡವನಾದ ಮೇಲೆ ಇವಳಿಗೆ ಹೆತ್ತ ತಾಯಿ ಸತ್ತರೂ ಕಣ್ಣು ಒದ್ದೆಯಾಗಲಿಲ್ಲ ಎಂದು ಮನೆಮಂದಿ ಇನ್ನೂರು ವರ್ಷದಿಂದ ಬೈಯುತ್ತ ಬಂದಿದ್ದರು.

“ಮೇಡಂ, ಕೊನೇ ಕಾಗದದಲ್ಲಿ ಪೂರ್ತಿ ಏನೈತೆ ಅಂತ ಅಜ್ಜಿಗೆ ಕೇಳ್ಬೇಕಂತೆ. ಟೈಮ್ ಜಾಸ್ತಿ ಇಲ್ಲ,” ಎಂದರು. ಹೇಗೆ ಕಳಿಸಬೇಕೆಂದು ತಿಳಿಸಿ ನಾನು ಇಮೇಲ್ ಮಾಡಿದೆ.

ಪೊಟ್ಟಣ ಬಂತು. ಬಿಚ್ಚಿದರೆ ಗಮ್ಮೆಂದು ನಿಂಬೆಯ ವಾಸನೆ! ಆ ಕಾಲದವರು ಕಾಗದ ಉಳಿಸಲು ಬರೆದ ಹಾಳೆಯನ್ನೇ ಅಡ್ಡಕ್ಕೆ ತಿರುಗಿಸಿ, ಮೊದಲ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಕೊನೆಯ ಕಾಗದದಲ್ಲಿ ಮೊದಲ ಸಾಲುಗಳು ಹೇಗೋ ಉಳಿದಿದ್ದವು: ಔತಣ, ಮಂತ್ರಿಗಳು, ಹೊಸ ರೇಷ್ಮೆ ಗೌನು. ತೆಳು ಶಾಯಿಯಲ್ಲಿ ತಿರುಗಿಸಿ ಬರೆದದ್ದೆಲ್ಲ ಕಂದು ಕಲೆಯಾಗಿತ್ತು. ನನ್ನ ಮೈ ಉರಿಯಿತು.

“ಏನ್ರೀ ಡಾಕ್ಟ್ರೇ, ಒರೆಸಿದ್ರಾ ಇದನ್ನ?”

“ಹೂಂ ಮೇಡಂ. ಸ್ಯಾನಿಟೈಸರ್ ವೈಪ್ಸ್ ತಗೊಂಡು ಒಂದೊಂದೇ ಒರೆಸ್ದೆ.”

“ಅಯ್ಯೋ ಶಿವನೇ! ಇದೇನು ಕಾಗದಾನೋ, ಊಟದ ಟೇಬಲ್ಲೋ? ನಿಮಗೆ ಎಂಬಿಬಿಎಸ್ ಕೊಟ್ಟೋರು ಯಾರ್ರೀ?”

“ನಿಮ್ಮ ಮೇಲ್‌ನಲ್ಲೇ ಇತ್ತಲ್ಲ ಮೇಡಂ. ಒಳಗಿರೋ ಪ್ರತಿಯೊಂದು ವಸ್ತುನೂ ಒರೆಸಿ ಕಳಿಸ್ಬೇಕು ಅಂತ.”

ತೆರೆದು ನೋಡಿದೆ. ಇತ್ತು! ಪ್ರಿಂಟರು, ಕುರ್ಚಿ ತಂದುಕೊಡುವವರಿಗೆಂದು ಬರೆದ ಸುತ್ತೋಲೆಯನ್ನು ಓದದೆಯೇ ಲಗತ್ತಿಸಿದ್ದೆ. ಕೆಳಗೆ ನನ್ನದೇ ಹೆಸರು. ಡಾಕ್ಟರಿಗೆ ಮಾಡಿದ ಮಂಗಳಾರತಿ ನನಗೆ ಆಗಬೇಕಿತ್ತು. ನಾಚಿಕೆಯಾಯಿತು, ಆದರೆ ಅದರಿಂದ ಅಕ್ಷರ ವಾಪಸ್ ಬರುವುದಿಲ್ಲವಲ್ಲ.

ಆ ಕಾಲದ ಶಾಯಿ ಅಳಿಸಿದರೂ ಕಾಗದದೊಳಗೆ ಗುರುತು ಬಿಟ್ಟಿರುತ್ತದೆ. ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಅದು ಕಪ್ಪಗೆ ಕಾಣುವುದುಂಟು. ಎರಡು ದಿನ ಅದರ ಮುಂದೆ ಕೂತೆ. ಇಪ್ಪತ್ತಮೂರು ಸಾಲುಗಳಲ್ಲಿ ಐದು ಸಿಕ್ಕವು. ಅಷ್ಟರಲ್ಲಿ ನೋರಾರ ಉಸಿರಾಟ ಇನ್ನೂ ಹದಗೆಟ್ಟಿತ್ತು. ಶಶಿಧರ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅವರ ಕಿವಿಗೆ ಹಿಡಿದರು. ನಾನು ಓದಿದೆ:

“ಅಮ್ಮನ ಸುದ್ದಿ ಬಂದಾಗ ಊಟಕ್ಕೆ ಹದಿನಾರು ಜನ ಕೂತಿದ್ದರು. ನಗುತ್ತಲೇ ಬಡಿಸಿದೆ. ನನ್ನ ಕಾಗದಗಳನ್ನೆಲ್ಲ ಯಜಮಾನರು ಓದಿಯೇ ಅಂಚೆಗೆ ಹಾಕುತ್ತಾರೆ. ಹಾಳೆ ತಿರುಗಿಸಿ ಓದುವ ತಾಳ್ಮೆ ಅವರಿಗಿಲ್ಲ. ಆದ್ದರಿಂದ ನಾನು ಅತ್ತದ್ದು ಇಲ್ಲಿದೆ.”

ಆಮೇಲೆ ಶಶಿಧರ ಹೇಳಿದರು: “ಮೇಡಂ, ಅಜ್ಜಿ ಅಳ್ತಾ ಇದಾರೆ. ‘ನಮಗೂ ತಾಳ್ಮೆ ಇರಲಿಲ್ಲ, ನನ್ನಮ್ಮ ಇವಳನ್ನ ಬೈತಾ ಬೈತಾನೇ ಸತ್ಲು’ ಅಂತಿದಾರೆ.”

ನೋರಾ ಮರುದಿನ ಮಧ್ಯಾಹ್ನ ತೀರಿಕೊಂಡರು.

ಸುದ್ದಿ ತಿಳಿಸಲು ಫೋನ್ ಮಾಡಿದ ಶಶಿಧರರಲ್ಲಿ ಕ್ಷಮೆ ಕೇಳಿದೆ. “ಬಿಡಿ ಮೇಡಂ, ಗ್ರ್ಯಾಂಡ್,” ಎಂದರು. ಪರವಾಗಿಲ್ಲ ಎಂಬರ್ಥದಲ್ಲಿ ಈ ದೇಶದವರು ಏನೇ ಆದರೂ ಹೇಳುವ ಮಾತು ಅದು. ಕಾಗದ ಉಳಿಸುವುದನ್ನು ಮೂವತ್ತು ವರ್ಷ ಮಾಡಿದ್ದೆ. ಯಾರನ್ನಾದರೂ ಬೈಯುವ ಮುನ್ನ ಹಾಳೆ ತಿರುಗಿಸಿ ನೋಡಬೇಕೆಂದು ಕಲಿತದ್ದು ಮಾತ್ರ ಆ ವಾರ. ಉಳಿದ ಹದಿನೆಂಟು ಸಾಲುಗಳು ಇವತ್ತಿಗೂ ಸಿಕ್ಕಿಲ್ಲ.